ಬೆಂಗಳೂರು ಹತ್ರ ಎರಡು ಎಕರೆ ಗರಿಕೆ ಬಯಲಿಗೆ ರೈಗ್ರಾಸ್ ಬಿತ್ತಿ ಐದು ಎಚ್‌ಎಫ್ ಹಸು ಮೇಯಿಸ್ಬೋದಾ? ಯಾವ ಬೀಜ, ಎಕರೆಗೆ ಎಷ್ಟು ಕೆಜಿ?

ನ್ಯೂಜಿಲೆಂಡ್ ವಿಡಿಯೋ ನೋಡಿರ್ತೀರಾ, ಪ್ರಶ್ನೆ ಓದ್ತಿದ್ದಂಗೇ ಗೊತ್ತಾಯ್ತು. ಸುತ್ತ ಕರೆಂಟ್ ತಂತಿ, ಒಳಗೆ ಹಸ್ರು ಹಾಸಿದಂಗೆ ರೈಗ್ರಾಸ್, ಹಸು ಅದ್ರ ಪಾಡಿಗೆ ಅದು ಮೇಯ್ಕೊಂಡು ಸಂಜೆ ಬಂದು ಹಾಲು ಕೊಡುತ್ತೆ, ಮೇವು ಕೊಯ್ಯೋ ಕೂಲಿ ಉಳಿಯುತ್ತೆ. ನಂದೂ ಇದೇ ಲೆಕ್ಕ ಇತ್ತು. ದೊಡ್ಡಬಳ್ಳಾಪುರ ಕಡೆ ನಮ್ಮ ಜಮೀನು, ನಾನು ಪೀಣ್ಯದಲ್ಲಿ ಕೆಲಸಕ್ಕೆ ಹೋಗ್ತಿದ್ದೆ, ಹಸು ನೋಡ್ಕೋತಿದ್ದಿದ್ದು ಅಪ್ಪ. ಬೀಜದ ಚೀಲ ಮನೆಗೆ ತಂದ ದಿನ ಅಪ್ಪ ಅದನ್ನ ತಿರುಗಿಸಿ ಮುರುಗಿಸಿ ನೋಡಿ, "ಹುಲ್ಲಿಗೂ ದುಡ್ಡು ಕೊಟ್ಟು ಬೀಜ ತರ್ತಾರೇನೋ" ಅಂದಿದ್ರು, ಅಷ್ಟೇ.

ಬಿತ್ತನೆ ಚೆನ್ನಾಗೇ ಆಯ್ತು, ಅದ್ರಲ್ಲಿ ತಪ್ಪಿಲ್ಲ. ಗರಿಕೆನ ನೆಲ ಕಾಣೋ ತನಕ ಮೇಯಿಸಿ, ಉಳಿದಿದ್ದನ್ನ ಸವರಿ, ಕುಂಟೆ ಹೊಡೆದು ಮಣ್ಣು ಕೆದರಿ, ದೀಪಾವಳಿ ಕಳೆದು ಮಳೆ ಹಿಂದೆ ಸರೀತಿದ್ದಂಗೆ ಬೀಜ ಎರಚಿ ಮೇಲೆ ಮುಳ್ಳಿನ ಕೊಂಬೆ ಎಳೆದ್ವಿ. ಈ ಬೀಜ ತುಂಬಾ ಸಣ್ಣದು, ಒಂದು ಗ್ರಾಮಿಗೆ ಹತ್ರತ್ರ 500 ಕಾಳು ಬರುತ್ತೆ, ಅರ್ಧ ಇಂಚಿಗಿಂತ ಆಳ ಹೋದ್ರೆ ಮೇಲೆ ಬರೋಕೆ ಒದ್ದಾಡುತ್ತೆ. ಗರಿಕೆ ಮೇಲೆ ಸುಮ್ನೆ ಎರಚಿದ್ರೆ ಬೀಜಕ್ಕೆ ಮಣ್ಣೇ ತಾಗಲ್ಲ, ಹುಟ್ಟಿದ್ರೂ ಗರಿಕೆ ನೆರಳಲ್ಲಿ ಸಾಯುತ್ತೆ. ಒಂದು ವಾರಕ್ಕೆಲ್ಲಾ ಕೂದಲು ಹುಟ್ಟಿದಂಗೆ ಹುಟ್ಕೊಂತು. ದಿನಾ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೇ ಹಾಕಿದ್ದು.

ಎಡವಟ್ಟಾಗಿದ್ದು ಆಮೇಲೆ. ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ನೀವು ಬೀಜ ಯಾವ್ದು, ಎಷ್ಟು ಕೆಜಿ ಅಂತ ಕೇಳಿದೀರಾ, ಹಸು ಯಾವಾಗ ಬಿಡೋದು ಅಂತ ಕೇಳೇ ಇಲ್ಲ. ವಿಡಿಯೋದಲ್ಲಿ ಒಂದು ಗೇಣು ಬೆಳೆದ ಮೇಲೆ ಬಿಡಿ ಅಂದಿದ್ರು. ನಮ್ದು ಬೇಗನೇ ಒಂದು ಗೇಣು ಬಂದ್ಬಿಡ್ತು, ಯಾಕೆ ಬಂತು ಅಂದ್ರೆ ನಾನು ಆಸೆಗೆ ಬಿದ್ದು ಯೂರಿಯಾ ಜಾಸ್ತಿ ಹಾಕಿದ್ದೆ, ಬೀಜನೂ ದಟ್ಟವಾಗಿ ಬಿದ್ದಿತ್ತು, ಸ್ಪ್ರಿಂಕ್ಲರ್‌ನಲ್ಲಿ ದಿನ ಬಿಟ್ಟು ದಿನ ನೀರು. ಮೇಲೇ ನೀರು ಸಿಗ್ತಿದ್ರೆ ಬೇರು ಯಾಕೆ ಕೆಳಗೆ ಹೋಗುತ್ತೆ ಹೇಳಿ? ಎಲೆ ಗೇಣುದ್ದ, ಬೇರು ಎರಡು ಬೆರಳು. ಅದೂ ಕುಂಟೆ ಹೊಡೆದ ಸಡಿಲ ಮಣ್ಣಲ್ಲಿ. ಇದು ಯಾವ್ದೂ ಬೇಲಿ ಆಚೆ ನಿಂತು ನೋಡೋನಿಗೆ ಕಾಣಲ್ಲ, ಕಾಣೋದು ಹಸ್ರು ಮಾತ್ರ.

ಭಾನುವಾರ ಬೆಳಿಗ್ಗೆ ಹಸು ಬಿಟ್ವಿ. ಹಸು ಕುದುರೆ ತರ ಕಚ್ಚಿ ತಿನ್ನಲ್ಲ, ಅದ್ಕೆ ಮೇಲ್ಗಡೆ ಮುಂದಿನ ಹಲ್ಲೇ ಇಲ್ಲ, ನಾಲಿಗೆ ಹೊರಗೆ ಚಾಚಿ ಹುಲ್ಲಿನ ಸುತ್ತ ಸುತ್ತಿ ತಲೆ ಝಾಡಿಸಿ ಎಳೆಯುತ್ತೆ. ಗಟ್ಟಿ ಬೇರಿದ್ರೆ ಎಲೆ ತುಂಡಾಗುತ್ತೆ, ಬುಡ ಉಳಿಯುತ್ತೆ. ನಮ್ದು ಬುಡಸಮೇತ ಬಂತು. ಬಾಯಿಂದ ಬಿಳಿ ಬೇರು ಜೋತಾಡ್ತಿದೆ, ಬೇರಿಗೆ ಕೆಮ್ಮಣ್ಣು ಮೆತ್ಕೊಂಡಿದೆ, ಹಸು ಒಂದ್ಸಲ ಅಗಿದು ಮಣ್ಣು ಸಿಕ್ಕಿದ್ ತಕ್ಷಣ ಉಗಿದು ಮುಂದಿನ ಗುಪ್ಪೆಗೆ ಬಾಯಿ ಹಾಕುತ್ತೆ. ತಿಂದಿದ್ದಕ್ಕಿಂತ ಕಿತ್ತೆಸೆದಿದ್ದೇ ಜಾಸ್ತಿ. ಹಿಂದಿನ ಸಂಜೆ ತಾನೇ ನೀರು ಬಿಟ್ಟಿದ್ದೆ ಬೇರೆ, ನಾನೂರು ಕೆಜಿ ಪ್ರಾಣಿ ಗೊರಸು ಊರಿದ ಕಡೆಯೆಲ್ಲಾ ಗುಂಡಿ, ಗುಂಡಿ ತುಂಬಾ ಕೆಂಪು ನೀರು. ರೈಗ್ರಾಸ್ ಚಿಗುರೋದು ನೆಲಕ್ಕೆ ಹತ್ತಿರ ಇರೋ ಬುಡದಿಂದ, ಎಲೆ ಹೋದ್ರೆ ಮತ್ತೆ ಬರುತ್ತೆ, ಬುಡನೇ ಹೋದ್ರೆ ಏನು ಬರುತ್ತೆ, ಕಳೆ ಬರುತ್ತೆ. ಆ ಜಾಗ ಪೂರ್ತಿ ಪಾರ್ಥೇನಿಯಂ ಎದ್ದು ನಿಂತಿತು. ಬೀಜ, ಗೊಬ್ಬರ, ತಂತಿ ಬೇಲಿ, ಬೋರಿನ ನೀರು ಎಲ್ಲಾ ಒಂದೇ ಬೆಳಿಗ್ಗೆ ನೀರಲ್ಲಿ ಹೋಮ.

ಇದನ್ನ ತಪ್ಪಿಸೋಕೆ ಅರ್ಧ ನಿಮಿಷ ಸಾಕಿತ್ತು. ಹೆಬ್ಬೆರಳು ತೋರ್ಬೆರಳಲ್ಲಿ ಒಂದು ಹಿಡಿ ಎಲೆ ಹಿಡಿದು, ಹಸು ಎಳೆಯೋ ಹಾಗೆ ಓರೆಯಾಗಿ ಜಗ್ಗಿ ನೋಡಿ. ಎಲೆ ಹರಿದು ಕೈಗೆ ಬಂದ್ರೆ ಹಸು ಬಿಡಬಹುದು. ಬೇರು ಕಿತ್ಕೊಂಡು ಬಂದ್ರೆ ಕಾಯಿರಿ, ಎಷ್ಟೇ ಎತ್ತರ ಇದ್ರೂ ಕಾಯಿರಿ. ಒಂದೇ ಕಡೆ ನೋಡ್ಬೇಡಿ, ಬೇಲಿ ಪಕ್ಕ, ನಡುವೆ, ತಗ್ಗಲ್ಲಿ ಎಲ್ಲಾ ಕಡೆ ಜಗ್ಗಿ ನೋಡಿ. ಬಿಟ್ಟ ಮೇಲೂ ಪೂರ್ತಿ ಬೋಳಿಸೋಕೆ ಬಿಡ್ಬೇಡಿ, ಎರಡು ಇಂಚು ಬುಡ ಉಳಿದಾಗ ಹಸು ಆಚೆ ತನ್ನಿ, ಮತ್ತೆ ಚಿಗುರೋಕೆ ಬೇಕಾದ ಸಕ್ಕರೆ ಇರೋದು ಅಲ್ಲೇ. ಪ್ರತಿ ಚಿಗುರಲ್ಲೂ ಮೂರು ಎಲೆ ಬಂದ್ಮೇಲೆ ಮುಂದಿನ ಸರದಿ. ಯೂರಿಯಾ ಹಾಕಿದ್ರೆ ಎರಡು ಮೂರು ವಾರ ಆ ಕಡೆ ಹಸು ಹೋಗ್ಬಾರ್ದು, ಹುಲ್ಲಲ್ಲಿ ನೈಟ್ರೇಟ್ ಸೇರ್ಕೊಂಡಿರುತ್ತೆ, ಜಾಸ್ತಿ ಆದ್ರೆ ಅದು ಹಸುಗೆ ವಿಷ.

ಈಗ ನಿಮಗೆ ಇಷ್ಟ ಆಗದೇ ಇರೋ ಮಾತು. ನೀವು ಅಂದ್ಕೊಂಡಿರೋ ಹಾಗೆ ಒಂದ್ಸಲ ಬಿತ್ತಿ ವರ್ಷಾನುಗಟ್ಟಲೆ ಮೇಯಿಸೋ ಹುಲ್ಲುಗಾವಲು ರೈಗ್ರಾಸಿಂದ ಬೆಂಗಳೂರಲ್ಲಿ ಆಗಲ್ಲ. ನ್ಯೂಜಿಲೆಂಡಲ್ಲಿ ನೀವು ನೋಡಿದ್ದು ಬಹುವಾರ್ಷಿಕ ಜಾತಿ, ಅದ್ರ ಜೊತೆ ಬಿಳಿ ಕ್ಲೋವರ್ ಅನ್ನೋ ದ್ವಿದಳ ಮೇವು, ಅಲ್ಲಿ ತಂಪು, ಅಲ್ಲಿ ಮಳೆ. ಈ ಹುಲ್ಲಿಗೆ 20 ಡಿಗ್ರಿ ಆಸುಪಾಸು ಇದ್ರೆ ಖುಷಿ, 25 ದಾಟಿದ್ರೆ ಸುಸ್ತು, 30ಕ್ಕೆ ಹೆಚ್ಚು ಕಮ್ಮಿ ನಿಂತೇಹೋಗುತ್ತೆ. ನಮ್ಮಲ್ಲಿ ನವೆಂಬರಿಂದ ಫೆಬ್ರವರಿ ತನಕ ಚಳಿ ಇದ್ದಷ್ಟು ದಿನ ನಡೆಯುತ್ತೆ, ಶಿವರಾತ್ರಿ ಕಳೆದು ಮಾರ್ಚ್ ಬಿಸಿಲು ಶುರುವಾದ್ರೆ ಮುಗೀತು. ಅದಕ್ಕೇ ಇಲ್ಲಿ ಬಿತ್ತೋದಾದ್ರೆ ವಾರ್ಷಿಕ ಜಾತಿ, ಇಟಾಲಿಯನ್ ರೈಗ್ರಾಸ್ ಅಂತಾರಲ್ಲ ಅದು, ಎಕರೆಗೆ 10ರಿಂದ 14 ಕೆಜಿ. ಪಂಜಾಬ್, ಹಿಮಾಚಲದ ಕಡೆ ಚಳಿಗಾಲದ ಮೇವಿಗೆ ಬೆಳೆಯೋದು ಇದನ್ನೇ. ನರ್ಸರಿಲಿ ಲಾನ್‌ಗೆ ಅಂತ ಮಾರೋ ರೈಗ್ರಾಸ್ ಬೀಜ ಮಾತ್ರ ಯಾವ ಕಾರಣಕ್ಕೂ ಬೇಡ, ಎಷ್ಟೋ ಲಾನ್ ತಳಿಗಳ ಒಳಗೆ ಒಂದು ಶಿಲೀಂಧ್ರ ಇರುತ್ತೆ, ಹುಳ ಬರದೇ ಇರ್ಲಿ ಅಂತ ಬೇಕಂತಲೇ ಇಟ್ಟಿರ್ತಾರೆ, ಅದ್ರ ವಿಷಕ್ಕೆ ದನ ಕುಡಿದೋರ ತರ ತೂರಾಡುತ್ತೆ.

ಇನ್ನೊಂದು, ಐದು ಹಸು ಎರಡು ಎಕರೆಲಿ ಮೇಯಿಸೋದೇ ಬೇಡ ಅಂತ ನನ್ನ ಅಭಿಪ್ರಾಯ. ಒಂದು ಎಚ್‌ಎಫ್‌ಗೆ ದಿನಕ್ಕೆ 40 ಕೆಜಿ ಹಸಿ ಮೇವು ಅಂದ್ರೂ ಐದಕ್ಕೆ 200 ಕೆಜಿ, ಅದ್ರಲ್ಲಿ ತುಳಿದಿದ್ದೆಷ್ಟು, ಸಗಣಿ ಬಿದ್ದ ಸುತ್ತ ಮೂಸಿ ಬಿಟ್ಟು ಹೋಗಿದ್ದೆಷ್ಟು. ಕೊಯ್ದು ಕೊಟ್ಟಿಗೆಲಿ ಹಾಕಿ. ಒಂದು ಎಕರೆ ಸಿಓ-4 ನೇಪಿಯರ್ (ಎತ್ತರ ಬೆಳೆಯೋ ಮೇವಿನ ಹುಲ್ಲಿನ ತಳಿ) ಕಡ್ಡಿ ನೆಟ್ರೆ ವರ್ಷಗಟ್ಟಲೆ ಹೆಚ್ಚು ಕಮ್ಮಿ ಒಂದೂವರೆ ತಿಂಗಳಿಗೊಂದ್ಸಲ ಕಟಾವು ಸಿಗುತ್ತೆ, ಬದುವಿಗೆ ಬೇಲಿ ಮೆಂತೆ, ಸ್ವಲ್ಪ ಕುದುರೆ ಮಸಾಲೆ (ಲೂಸರ್ನ್). ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಮೇವು ಕೇಂದ್ರ ಇದೆ, ಬೀಜ ಕಡ್ಡಿ ಅಲ್ಲಿ ವಿಚಾರಿಸಿ, ನಿಮ್ಮಿಂದ ದೂರ ಏನಲ್ಲ. ವಿಡಿಯೋಗಿಂತ ಅಲ್ಲಿ ಅರ್ಧ ದಿನ ಓಡಾಡಿದ್ರೆ ಜಾಸ್ತಿ ತಿಳಿಯುತ್ತೆ.

ರೈಗ್ರಾಸ್ ಆಸೆ ಅಷ್ಟಕ್ಕೂ ಬಿಡಲ್ಲ ಅಂದ್ರೆ ಚಳಿಗಾಲಕ್ಕೆ ಒಂದು ತುಂಡು ಹಾಕಿ, ನಾವೂ ಈಗ ಹಾಗೇ ಮಾಡ್ತೀವಿ. ಹಸು ಮುಗಿಬಿದ್ದು ತಿನ್ನುತ್ತೆ, ಹಾಲೂ ಏರುತ್ತೆ, ಆದ್ರೆ ಬರೀ ಅದನ್ನೇ ಹಾಕಿದ್ರೆ ಸಗಣಿ ನೀರಾಗುತ್ತೆ, ನಾರಿಲ್ಲದೆ ಹಾಲಿನ ಫ್ಯಾಟ್ ಬೀಳುತ್ತೆ, ಡೇರಿಲಿ ರೇಟು ಕೊಡೋದು ಫ್ಯಾಟ್ ನೋಡಿ ತಾನೇ. ಮೊದ್ಲು ರಾಗಿ ಹುಲ್ಲು, ಆಮೇಲೆ ಇದು. ಹೊಸದಾಗಿ ಕರು ಹಾಕಿದ ಹಸುಗೆ ಖನಿಜ ಮಿಶ್ರಣ ತಪ್ಪಿಸ್ಬೇಡಿ, ಈ ಎಳೇ ಹುಲ್ಲಲ್ಲಿ ಮೆಗ್ನೀಷಿಯಂ ಸಾಲಲ್ಲ.

ನಿಮ್ಮ ಬೋರಲ್ಲಿ ಎಷ್ಟು ನೀರು ಬರುತ್ತೆ ಅಂತ ನೀವು ಬರೆದೇ ಇಲ್ಲ. ಈಗ ಮಳೆಗಾಲದಲ್ಲಿ ಬರೋದು ಬಿಡಿ, ಹೋದ ಜನವರಿಲಿ ಎಷ್ಟು ಬರ್ತಿತ್ತು ಅನ್ನೋದನ್ನ ಹೇಳಿ. ಎರಡು ಇಂಚಿಗಿಂತ ಕಮ್ಮಿ ಇದ್ರೆ ಕಾಲು ಎಕರೆಗಿಂತ ಜಾಸ್ತಿ ರೈಗ್ರಾಸ್ ಯೋಚನೆ ಮಾಡ್ಲೇಬೇಡಿ.