ಗೆದ್ದವರ ಮೇಲೆ ಕೋರ್ಟಿಗೆ ಹೋಗುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕ್ಷೇತ್ರದಲ್ಲಿ ಗೆದ್ದವರು ಮತದಾನದ ಹಿಂದಿನ ರಾತ್ರಿ ದುಡ್ಡು ಹಂಚಿಸಿದ್ದು ಊರಿಗೆಲ್ಲ ಗೊತ್ತು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಕೂಡ ಓಡಾಡಿದೆ. ನಾನು ಅಭ್ಯರ್ಥಿಯಲ್ಲ, ಬರೀ ಮತದಾರ. ಆಯ್ಕೆ ರದ್ದು ಮಾಡಿಸಲು ಕೇಸು ಹಾಕಬಹುದೇ? (ಓದುಗರು, ಹಾವೇರಿ)

ಹಾಕಬಹುದು. ಹಾಸನ ಲೋಕಸಭಾ ಕ್ಷೇತ್ರದ 2019ರ ಆಯ್ಕೆಯನ್ನು ಪ್ರಶ್ನಿಸಿದವರಲ್ಲಿ ಸೋತ ಅಭ್ಯರ್ಥಿಯ ಜೊತೆ ಮತದಾರರೊಬ್ಬರೂ ಇದ್ದರು. ಆದರೆ ಫಲಿತಾಂಶ ಬಂದ ಮೇಲೆ ಜಿಲ್ಲಾಧಿಕಾರಿಗೋ ಚುನಾವಣಾ ಆಯೋಗಕ್ಕೋ ದೂರು ಕೊಟ್ಟು ಕಾಯುತ್ತ ಕೂತರೆ ಕೆಲಸ ಕೆಟ್ಟಂತೆಯೇ. ಸಂವಿಧಾನದ 329(ಬಿ) ವಿಧಿಯ ಪ್ರಕಾರ ಆಯ್ಕೆಯನ್ನು ಪ್ರಶ್ನಿಸಲು ಇರುವುದು ಒಂದೇ ದಾರಿ: ಹೈಕೋರ್ಟಿನಲ್ಲಿ ಚುನಾವಣಾ ತಕರಾರು ಅರ್ಜಿ. ಪೊಲೀಸರು ಎಫ್‌ಐಆರ್ ಹಾಕಿದ ಮಾತ್ರಕ್ಕೆ ಯಾರ ಆಯ್ಕೆಯೂ ರದ್ದಾಗುವುದಿಲ್ಲ.

ಗೆದ್ದವರ ಆಯ್ಕೆ ಘೋಷಣೆಯಾದ ದಿನದಿಂದ 45 ದಿನದೊಳಗೆ ಅರ್ಜಿ ಹೈಕೋರ್ಟಿನಲ್ಲಿ ಇರಬೇಕು. ಜಮೀನಿನ ವ್ಯಾಜ್ಯದ ಮೇಲ್ಮನವಿ ತಡವಾದರೆ ಕಾರಣ ಕೊಟ್ಟು ವಿಳಂಬ ಮನ್ನಾ ಕೇಳಬಹುದು. ಇಲ್ಲಿ ಆ ಅವಕಾಶವಿಲ್ಲ, 46ನೇ ದಿನದ ಅರ್ಜಿ ವಜಾ. ಇನ್ನೊಂದು ಸಂಗತಿ ವಕೀಲರಲ್ಲೇ ಕೆಲವರಿಗೆ ನೆನಪಿರುವುದಿಲ್ಲ. ಅರ್ಜಿದಾರರೇ ಖುದ್ದಾಗಿ ಹೋಗಿ ಅರ್ಜಿ ಸಲ್ಲಿಸಬೇಕು. ಅರ್ಜಿದಾರರಿಲ್ಲದೆ ವಕೀಲರು ಸಲ್ಲಿಸಿದರೆ ನಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಜಿ.ವಿ. ಶ್ರೀರಾಮರೆಡ್ಡಿ ಪ್ರಕರಣದಲ್ಲಿ ಹೇಳಿತು. ಆ ಪ್ರಕರಣ ಹೋದದ್ದು ಕರ್ನಾಟಕದಿಂದಲೇ.

ಅರ್ಜಿಯ ಜೊತೆ 2,000 ರೂಪಾಯಿ ಠೇವಣಿ ಕಟ್ಟಬೇಕು. ಎಷ್ಟು ಪ್ರತಿವಾದಿಗಳೋ ಅಷ್ಟು ಪ್ರತಿ ಕೊಡಬೇಕು, ಪ್ರತಿಯೊಂದರ ಮೇಲೂ 'ನಿಜಪ್ರತಿ' ಎಂದು ನೀವೇ ಸಹಿ ಹಾಕಿರಬೇಕು. ಆಯ್ಕೆ ರದ್ದಾದರೆ ಸಾಕು ಎಂದರೆ ಗೆದ್ದವರನ್ನು ಪ್ರತಿವಾದಿ ಮಾಡಿದರೆ ಆಯಿತು. ಸೋತವರನ್ನೇ ಗೆದ್ದವರೆಂದು ಘೋಷಿಸಿ ಎಂದೂ ಕೇಳುವುದಾದರೆ ಕಣದಲ್ಲಿದ್ದ ಎಲ್ಲ ಅಭ್ಯರ್ಥಿಗಳನ್ನೂ ಸೇರಿಸಬೇಕು. ಯಾವ ಅಭ್ಯರ್ಥಿಯ ಮೇಲೆ ಭ್ರಷ್ಟ ಆಚರಣೆಯ (ಮತಕ್ಕಾಗಿ ಹಣ ಹಂಚುವಂಥ ಅಕ್ರಮದ) ಆರೋಪ ಹೊರಿಸುತ್ತೀರೋ ಅವರನ್ನೂ ಬಿಡುವಂತಿಲ್ಲ. ಒಬ್ಬರು ಬಿಟ್ಟುಹೋದರೂ ವಿಚಾರಣೆಗೆ ಮುಂಚೆಯೇ ಅರ್ಜಿ ಬಿದ್ದುಹೋಗುತ್ತದೆ. ಅರ್ಜಿಯ ಜೊತೆಗಿನ ಅಫಿಡವಿಟ್ಟಿನಲ್ಲಿನ (ಶಪಥಪತ್ರ) ಸಣ್ಣಪುಟ್ಟ ದೋಷಗಳನ್ನು ಮಾತ್ರ ಆಮೇಲೆ ಸರಿಪಡಿಸಿಕೊಳ್ಳಬಹುದು.

ಇನ್ನು ದುಡ್ಡಿನ ವಿಷಯ. 'ಬೆಂಬಲಿಗರು ಹಣ ಹಂಚಿದರು' ಎಂಬ ಒಂದು ಸಾಲನ್ನು ನಂಬಿಕೊಂಡು ಹೋದ ಅರ್ಜಿಗಳೆಲ್ಲ ಸೋಲುವುದು ಇಲ್ಲೇ. ಯಾರು, ಯಾರಿಗೆ, ಯಾವ ಊರಿನ ಯಾವ ಬೀದಿಯಲ್ಲಿ, ಯಾವ ದಿನ ಎಷ್ಟು ಗಂಟೆಗೆ, ಎಷ್ಟು ಹಣ ಕೊಟ್ಟರು ಎಂಬುದು ಅರ್ಜಿಯಲ್ಲೇ ಇರಬೇಕು. ಹಂಚಿದವರು ಅಭ್ಯರ್ಥಿಯೋ ಅವರ ಏಜೆಂಟೋ ಅಲ್ಲದಿದ್ದರೆ, ಅಭ್ಯರ್ಥಿಯ ಅಥವಾ ಚುನಾವಣಾ ಏಜೆಂಟರ ಒಪ್ಪಿಗೆ ಇತ್ತೆಂದು ತೋರಿಸಬೇಕು. ರುಜುವಾತಿನ ಮಟ್ಟವೂ ಕ್ರಿಮಿನಲ್ ಕೇಸಿನಷ್ಟೇ ಬಿಗಿ, ಸಂಶಯಕ್ಕೆ ಎಡೆ ಇರಬಾರದು.

ವಾಟ್ಸ್‌ಆ್ಯಪ್‌ನಲ್ಲಿ ಕೈಯಿಂದ ಕೈಗೆ ದಾಟಿ ಬಂದ ವಿಡಿಯೊ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಚಿತ್ರಿಸಿದವರು ಯಾರೆಂದು ಪತ್ತೆ ಮಾಡಿ. ಆ ಫೋನಿನಿಂದ ಮೂಲ ಕಡತ ಅಳಿಸದಂತೆ, ಫೋನ್ ಮಾರದಂತೆ ಹೇಳಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನಂತೆ ಇಂಥ ದಾಖಲೆಗೆ ಎರಡು ಭಾಗದ ಪ್ರಮಾಣಪತ್ರ ಬೇಕು. ಮೊದಲ ಭಾಗಕ್ಕೆ ಸಾಧನ ಬಳಸಿದವರ ಸಹಿ, ಎರಡನೆಯದಕ್ಕೆ ತಜ್ಞರ ಸಹಿ. ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲವೆಂದು ತೋರಿಸುವ ಸಂಕೇತ) ಅದರಲ್ಲಿ ನಮೂದಿಸಬೇಕು. ಮತಗಟ್ಟೆಯ ಸಿಸಿಟಿವಿ ದೃಶ್ಯ ಬೇಕಿದ್ದರೆ ಇನ್ನೂ ಅವಸರ ಮಾಡಿ: ತಕರಾರು ಅರ್ಜಿ ಬಾರದಿದ್ದರೆ 45 ದಿನಗಳ ನಂತರ ದೃಶ್ಯಾವಳಿ ಅಳಿಸಬಹುದೆಂದು ಆಯೋಗ 2025ರ ಮೇ ತಿಂಗಳಲ್ಲಿ ಸೂಚನೆ ಕೊಟ್ಟಿದೆ.

ಇಷ್ಟೆಲ್ಲ ಮಾಡಿದರೂ ತೀರ್ಪು ಎಂದು ಬರುತ್ತದೆ? ಆರು ತಿಂಗಳಲ್ಲಿ ವಿಚಾರಣೆ ಮುಗಿಸಲು ಯತ್ನಿಸಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಹಾಸನದ ಆಯ್ಕೆ ಅಸಿಂಧು ಎಂಬ ತೀರ್ಪು ಬಂದದ್ದು 2023ರ ಸೆಪ್ಟೆಂಬರ್ 1ರಂದು, ಅಂದರೆ ಚುನಾವಣೆಯಾಗಿ ನಾಲ್ಕು ವರ್ಷ ದಾಟಿದ ಮೇಲೆ. ಅದೇ ತಿಂಗಳು ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಐದು ವರ್ಷದ ಅವಧಿಗೆ ಇದು ನ್ಯಾಯದ ವೇಗವಲ್ಲ ಎನ್ನದೆ ವಿಧಿಯಿಲ್ಲ.

ಪ್ರಶ್ನೆ: ಕೆಲವೇ ಮತಗಳಲ್ಲಿ ಸೋತರೆ ಮರು ಎಣಿಕೆಗೆ ನೇರವಾಗಿ ಕೋರ್ಟಿಗೆ ಹೋಗಬಹುದೇ? (ಓದುಗರು, ಕೋಲಾರ)

ಮೊದಲ ಅವಕಾಶ ಎಣಿಕೆ ಕೇಂದ್ರದೊಳಗೇ ಇದೆ, ಅದು ಕೆಲವೇ ನಿಮಿಷಗಳದ್ದು. ಒಟ್ಟು ಮತಗಳನ್ನು ಓದಿ ಹೇಳಿದ ಮೇಲೆ, ಚುನಾವಣಾಧಿಕಾರಿ ನಮೂನೆ 20ಕ್ಕೆ (ಅಂತಿಮ ಫಲಿತಾಂಶ ಪಟ್ಟಿ) ಸಹಿ ಹಾಕುವ ಮೊದಲು, ಅಭ್ಯರ್ಥಿ ಅಥವಾ ಏಜೆಂಟ್ ಕಾರಣ ಸಮೇತ ಲಿಖಿತವಾಗಿ ಕೇಳಬೇಕು. 'ಅಂತರ ಕಮ್ಮಿ' ಎಂಬುದೊಂದೇ ಕಾರಣ ಸಾಲದು. ಯಾವ ಸುತ್ತಿನಲ್ಲಿ, ಯಾವ ಟೇಬಲಿನಲ್ಲಿ, ನಮೂನೆ 17ಸಿ (ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕಪತ್ರ) ಅಂಕಿಗೂ ಮತಯಂತ್ರದ ಅಂಕಿಗೂ ಎಷ್ಟು ವ್ಯತ್ಯಾಸ ಬಂತು ಎಂದು ಬರೆಯಿರಿ. ಗೆಲುವಿನ ಖುಷಿಯಲ್ಲೋ ಸೋಲಿನ ಸುಸ್ತಿನಲ್ಲೋ ಏಜೆಂಟರು ಮಧ್ಯಾಹ್ನಕ್ಕೇ ಟೇಬಲ್ ಬಿಟ್ಟು ಹೊರಗೆ ಹೋಗಿದ್ದರೆ ಬರೆಯಲು ಏನೂ ಉಳಿದಿರುವುದಿಲ್ಲ.

ಸಹಿ ಬಿದ್ದ ಮೇಲೆ ಹೈಕೋರ್ಟೇ ಗತಿ. ಮಾಲೂರಿನಲ್ಲಿ 2023ರ ಗೆಲುವಿನ ಅಂತರ 248 ಮತ. ಹೈಕೋರ್ಟ್ ಆ ಆಯ್ಕೆ ರದ್ದುಮಾಡಿ ಮರು ಎಣಿಕೆಗೆ ಆದೇಶಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಯಂತ್ರದ ಮೇಲೇ ಅನುಮಾನವಿದ್ದರೆ ದಾರಿ ಬೇರೆ. 2024ರ ಏಪ್ರಿಲ್ 26ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಎರಡನೇ ಅಥವಾ ಮೂರನೇ ಸ್ಥಾನದಲ್ಲಿರುವವರು ಫಲಿತಾಂಶದ ಏಳು ದಿನದೊಳಗೆ ಕೇಳಿದರೆ, ವಿಧಾನಸಭಾ ಕ್ಷೇತ್ರವೊಂದರ ಶೇ 5ರಷ್ಟು ಯಂತ್ರಗಳ ಪರಿಶೀಲನೆ ನಡೆಯುತ್ತದೆ. ಖರ್ಚು ಕೇಳಿದವರದೇ, ಯಂತ್ರ ತಿರುಚಿದ್ದು ಸಾಬೀತಾದರೆ ವಾಪಸ್.

ಪ್ರಶ್ನೆ: ನಾವು ಗೆಲ್ಲಿಸಿದ ಶಾಸಕರು ಈಗ ಇನ್ನೊಂದು ಪಕ್ಷದ ವೇದಿಕೆಯಲ್ಲಿದ್ದಾರೆ. ಅವರನ್ನು ಅನರ್ಹಗೊಳಿಸಲು ಮತದಾರರೇ ಕೋರ್ಟಿಗೆ ಹೋಗಬಹುದೇ? (ಓದುಗರು, ಚಿಕ್ಕೋಡಿ)

ನೇರವಾಗಿ ಕೋರ್ಟಿಗಲ್ಲ, ಮೊದಲು ಸ್ಪೀಕರ್ ಬಳಿಗೆ. ಪಕ್ಷಾಂತರ ನಿಷೇಧದ ನಿಯಮಗಳಿರುವ ಸಂವಿಧಾನದ ಹತ್ತನೇ ಅನುಸೂಚಿ ಆ ಅಧಿಕಾರವನ್ನು ಅವರಿಗೇ ಕೊಟ್ಟಿದೆ. ಸದಸ್ಯರಲ್ಲದ ಆಸಕ್ತರೂ ಅರ್ಜಿ ಕೊಡಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಒಡಿಶಾ ಪ್ರಕರಣದಲ್ಲಿ ಹೇಳಿದೆ. ರಾಜೀನಾಮೆ ಪತ್ರ ಸಿಗಲೇಬೇಕೆಂದಿಲ್ಲ, ನಡೆಯಿಂದಲೇ ಪಕ್ಷ ತೊರೆದಂತೆ ಕಂಡರೂ ಸಾಕು. ಆದ್ದರಿಂದ ವೇದಿಕೆಯ ಫೋಟೊ, ಭಾಷಣದ ದಿನಾಂಕ, ವಿಪ್ (ಸದನದಲ್ಲಿ ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಉಲ್ಲಂಘಿಸಿದ್ದರೆ ವಿಪ್‌ನ ಪ್ರತಿ ಜೋಡಿಸಿಕೊಳ್ಳಿ. ವಿಪ್ ಮೀರಿದ್ದನ್ನು 15 ದಿನದೊಳಗೆ ಪಕ್ಷವೇ ಮನ್ನಿಸಿದ್ದರೆ ಆ ಆಧಾರ ನಿಲ್ಲದು.

ತೊಡಕು ಇರುವುದು ಸ್ಪೀಕರ್ ಅರ್ಜಿಯ ಮೇಲೆ ಕೂತುಬಿಟ್ಟಾಗ. ಅವರೂ ಒಂದು ಪಕ್ಷದಿಂದ ಬಂದವರೇ ತಾನೆ. ಸಾಮಾನ್ಯವಾಗಿ ಮೂರು ತಿಂಗಳಲ್ಲಿ ತೀರ್ಮಾನಿಸಬೇಕೆಂದು 2020ರ ಮಣಿಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜುಲೈನಲ್ಲಿ ತೆಲಂಗಾಣದ ಸ್ಪೀಕರ್‌ಗೆ ಅದೇ ಗಡುವು ಹಾಕಿತು. ಆ ಅವಧಿ ಮೀರಿದಾಗ ಹೈಕೋರ್ಟಿನಲ್ಲಿ ರಿಟ್ (ತೀರ್ಮಾನಿಸುವಂತೆ ಸ್ಪೀಕರ್‌ಗೆ ಆದೇಶಿಸಿ ಎಂಬ ಅರ್ಜಿ) ಹಾಕಲು ಆಧಾರ ಸಿಗುತ್ತದೆ.

ಅನರ್ಹರಾದರೆ ಮುಂದೇನು ಎಂಬುದಕ್ಕೆ ನಮ್ಮ 2019ರ ಪ್ರಸಂಗವೇ ಪಾಠ. ಅಂದಿನ ಸ್ಪೀಕರ್ ರಮೇಶ್ ಕುಮಾರ್ 17 ಶಾಸಕರನ್ನು ಅನರ್ಹಗೊಳಿಸಿ, ವಿಧಾನಸಭೆಯ ಅವಧಿ ಮುಗಿಯುವವರೆಗೂ ಸ್ಪರ್ಧಿಸುವಂತಿಲ್ಲ ಎಂದಿದ್ದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿಯಿತು, ಸ್ಪರ್ಧೆಯ ನಿಷೇಧ ತೆಗೆದುಹಾಕಿತು. ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆದು ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ಗೆದ್ದು ಬಂದರು. ಮಸ್ಕಿ, ರಾಜರಾಜೇಶ್ವರಿನಗರಗಳ ಉಪಚುನಾವಣೆ ಮುಂದೆ ಹೋದದ್ದು, 2018ರ ತಕರಾರು ಅರ್ಜಿಗಳು ಹೈಕೋರ್ಟಿನಲ್ಲಿ ಬಾಕಿ ಇದ್ದುದರಿಂದ.

ಪ್ರಶ್ನೆ: ಶಿಕ್ಷೆಯಾದ ಶಾಸಕರು ಜಾಮೀನು ಪಡೆದು ಹೊರಗೆ ಬಂದರೆ ಸ್ಥಾನ ಉಳಿಯುತ್ತದೆಯೇ? (ಓದುಗರು, ಮೈಸೂರು)

ಉಳಿಯುವುದಿಲ್ಲ. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯಾದ ಕ್ಷಣದಿಂದಲೇ ಅನರ್ಹತೆ ಎಂಬುದು 2013ರ ಲಿಲಿ ಥಾಮಸ್ ತೀರ್ಪು. ಕೆಲವು ಅಪರಾಧಗಳಿಗೆ ಎರಡು ವರ್ಷದ ಲೆಕ್ಕವೂ ಇಲ್ಲ. ಮೇಲ್ಮನವಿಯಲ್ಲಿ ಶಿಕ್ಷೆಯ ಅಮಾನತು ಸಿಕ್ಕರೆ ಜೈಲು ತಪ್ಪುತ್ತದೆ ಅಷ್ಟೇ. ಸ್ಥಾನ ಮರಳಲು 'ದೋಷಿ' ಎಂಬ ತೀರ್ಮಾನಕ್ಕೇ ತಡೆ ಬೇಕು, ಅದನ್ನು ಅರ್ಜಿಯಲ್ಲಿ ಪ್ರತ್ಯೇಕವಾಗಿ ಕೇಳಬೇಕು. ಕೋಲಾರದ 2019ರ ಭಾಷಣಕ್ಕಾಗಿ ರಾಹುಲ್ ಗಾಂಧಿ ಅವರಿಗೆ ಸೂರತ್ ನ್ಯಾಯಾಲಯ 2023ರ ಮಾರ್ಚ್ 23ರಂದು ಸರಿಯಾಗಿ ಎರಡು ವರ್ಷ ವಿಧಿಸಿತು. ಶಿಕ್ಷೆ ಕೂಡಲೇ ಅಮಾನತಾದರೂ ಮರುದಿನ ಸಂಸತ್ ಸ್ಥಾನ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ದೋಷಿ ತೀರ್ಮಾನಕ್ಕೆ ತಡೆ ಕೊಟ್ಟ ಮೇಲಷ್ಟೇ, 7ರಂದು ಅದು ಮರಳಿತು. ಶಿಕ್ಷೆ ಒಂದೇ ಒಂದು ದಿನ ಕಡಿಮೆ ಇದ್ದಿದ್ದರೂ ಅನರ್ಹತೆ ಬರುತ್ತಿರಲಿಲ್ಲ ಎಂದು ಆ ಪೀಠ ಗಮನಿಸಿತ್ತು.

ಪ್ರಶ್ನೆ: ಗ್ರಾಮ ಪಂಚಾಯಿತಿಗೂ ಇದೇ ನಿಯಮಗಳೇ? (ಓದುಗರು, ಸಿರಾ)

ಅಲ್ಲ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ, ಹಾಗಾಗಿ ಪಕ್ಷಾಂತರದ ಮಾತೇ ಬರುವುದಿಲ್ಲ. ಆಯ್ಕೆಯ ತಕರಾರನ್ನು ಹೈಕೋರ್ಟಿಗಲ್ಲ, ಆ ವ್ಯಾಪ್ತಿಯ ಸಿವಿಲ್ ನ್ಯಾಯಾಲಯಕ್ಕೆ, 45 ಅಲ್ಲ 30 ದಿನದೊಳಗೆ ಕೊಡಬೇಕು. ಶಾಸಕರ ಲೆಕ್ಕ ಹಿಡಿದು 40ನೇ ದಿನ ವಕೀಲರನ್ನು ಹುಡುಕಿಕೊಂಡು ಹೋಗಬೇಡಿ.