ಕುದಿಸಿದ ನೀರು

‘ಪಿಎಚ್‌ಡಿ ಬಿಟ್ಟುಬಿಡ್ಲಾ ಮೇಡಂ?’ ಕೋಲಾರದಲ್ಲಿ ಆಪ್ತಸಲಹೆಗೆ ನನ್ನ ಹತ್ತಿರ ಬರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಜಾಸ್ತಿ ಜನ ಹೀಗೇ ಶುರು ಮಾಡುತ್ತಾರೆ. ಇವರೂ ಹಾಗೇ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮೂವತ್ತೈದರ ಅತಿಥಿ ಉಪನ್ಯಾಸಕರು. ಉಪನ್ಯಾಸಕರಾಗಲು ರಾಜ್ಯ ನಡೆಸುವ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾಗಿದೆ. ಪಿಎಚ್‌ಡಿಗೆ ಸೇರಿ ಐದು ವರ್ಷ. ವಿಷಯ ಕೊಳವೆಬಾವಿ ನೀರಿನ ಫ್ಲೋರೈಡ್, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯ ಆಗುತ್ತದೆ ಅಂತ ಸೇರಿದವರು. 2023ರ ಜುಲೈನಲ್ಲಿ ವಿಶ್ವವಿದ್ಯಾಲಯಗಳ ನಿಯಮ ಮಾಡುವ ಯುಜಿಸಿ ಆ ಕಡ್ಡಾಯ ತೆಗೆದು, ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಸೆಟ್ ಸಾಕು ಅಂದಿತು.

‘ಸೇರಿದ ಕಾರಣವೇ ಹೋಯ್ತಲ್ಲ ಮೇಡಂ. ಊರಲ್ಲಿ ಆಗ್ಲೇ ಡಾಕ್ಟ್ರೇ ಅಂತ ಕೂಗ್ತಾರೆ. ಹೋಗೋಕೇ ಆಗಲ್ಲ.’

ಮೂರು ಭೇಟಿ ಇದರಲ್ಲೇ ಕಳೆಯಿತು. ನಾಲ್ಕನೇ ಸಲ ಸುಮ್ನೆ ಕೇಳಿದೆ, ‘ಯಾವ ಊರಿಗೆ ಹೋಗೋಕೆ ಆಗಲ್ಲ?’ ಸ್ವಂತ ಊರು ಅಂದುಕೊಂಡಿದ್ದೆ. ಅವರು ನೀರಿನ ಮಾದರಿ ತೆಗೆದ ಊರಿನ ಹೆಸರು ಹೇಳಿದರು.

ಅಲ್ಲೊಬ್ಬರು ಅಜ್ಜಿ. ಹೋದಾಗಲೆಲ್ಲ ಮಜ್ಜಿಗೆ ಕೊಡುತ್ತಿದ್ದರಂತೆ. ಒಂದು ದಿನ, ‘ನಾನು ಕುದಿಸೇ ಕುಡಿಯೋದಪ್ಪ, ಏನೂ ಆಗಲ್ಲ ಅಲ್ವಾ?’ ಅಂದರಂತೆ. ಆ ಬೋರಿನ ನೀರಲ್ಲಿ ಲೀಟರಿಗೆ 2.8 ಮಿಲಿಗ್ರಾಂ ಫ್ಲೋರೈಡ್. ಬೇರೆ ನೀರೇ ಇಲ್ಲ ಅಂದರೂ 1.5 ದಾಟಬಾರದು ಅನ್ನುತ್ತದೆ ಭಾರತೀಯ ಮಾನಕ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಇವರಿಗೆ ಇದೆಲ್ಲ ಗೊತ್ತು. ‘ಥೀಸಿಸ್ ಆಗ್ಲಿ ಅಜ್ಜಿ, ಹೇಳ್ತೀನಿ’ ಅಂದು ಎದ್ದು ಬಂದಿದ್ದರು.

‘ಅವತ್ತಿಂದ ಲ್ಯಾಪ್‌ಟಾಪ್ ತೆಗೆದ್ರೆ ಆ ಬೋರಿನ ಅಂಕಿಯ ಸಾಲೇ ಕಾಣುತ್ತೆ ಮೇಡಂ.’

ಬಿಡಿ ಅಂತಲೂ ಹೇಳಲಿಲ್ಲ, ಬಿಡಬೇಡಿ ಅಂತಲೂ ಹೇಳಲಿಲ್ಲ. ಗೈಡ್‌ಗೆ ಒಂದು ಮಾತು ತಿಳಿಸಿ, ಈ ವಾರವೇ ಅಜ್ಜಿಗೆ ಹೇಳಿ ಬನ್ನಿ, ಪಂಚಾಯಿತಿಗೂ ಬರೆದುಕೊಡಿ ಅಂದೆ. ಇದೂ ಒಂದು ಆಪ್ತಸಲಹೆಯಾ ಅಂತ ಇದೇ ಕೆಲಸದ ಗೆಳತಿಯೊಬ್ಬಳು ನಕ್ಕಳು. ಗೆರೆ ದಾಟಿದೆನೇನೋ. ಆದರೆ ಹುದ್ದೆಗಾಗಿ ಓದುವುದು ತಪ್ಪು ಅಂತ ನಾನು ಯಾವತ್ತೂ ಅಂದವಳಲ್ಲ, ಮನೆ ನಡೆಯಬೇಕಲ್ಲ. ಸಂಬಳ ನೋಡಿ ಸೇರಿದವರಿಗೂ ಕೆಲಸ ಮಾಡ್ತಾ ಮಾಡ್ತಾ ಇನ್ನೇನೋ ಅಂಟಿಕೊಂಡಿರುತ್ತದೆ. ಇವರಿಗೆ ಅಂಟಿದ್ದು ಆ ಅಜ್ಜಿಯ ಪ್ರಶ್ನೆ. ನನ್ನ ಕೋಣೆಯಲ್ಲಿ ಕೂತು ಅದಕ್ಕೆ ಉತ್ತರ ಕೊಡೋಕೆ ಆಗುತ್ತಾ?

ಹೋಗಿ ಬಂದರು. ‘ಎರಡು ವರ್ಷ ಮಜ್ಜಿಗೆ ಕುಡ್ದು ಈಗ ಹೇಳ್ತೀಯಾ?’ ಅಂತ ಅಜ್ಜಿ ಬೈದರಂತೆ. ಈಗ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸುತ್ತಾರಂತೆ. ಥೀಸಿಸ್ ಇನ್ನೂ ಮೂರನೇ ಅಧ್ಯಾಯದಲ್ಲಿದೆ.