ಚಿಕ್ಕಮ್ಮನ ಕಾಯಿಲೆ ಏನೆಂದು ಯಾರೂ ಹೇಳುತ್ತಿಲ್ಲ

ಪ್ರಶ್ನೆ: ನನಗೆ 27 ವರ್ಷ. ಖಿನ್ನತೆಗೆ ಚಿಕಿತ್ಸೆ ಶುರುವಾಗಬೇಕಿದೆ. ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ ಎಂದು ವೈದ್ಯರು ಕೇಳಿದರು. ಅಮ್ಮ ‘ಇಲ್ಲ’ ಅಂತಾರೆ. ಆದರೆ ಅವರ ತಂಗಿ ಬಾವಿಗೆ ಬಿದ್ದು ತೀರಿಕೊಂಡರಂತೆ. ‘ಗಾಳಿ ಸೋಕಿತ್ತು’ ಎಂದಷ್ಟೇ ಹೇಳುತ್ತಾರೆ. ಹೇಗೆ ಕೇಳಲಿ?

ಉತ್ತರ: ಖಂಡಿತ ಕೇಳಿ. ಕೆಲ ಕಾಲ ಖಿನ್ನತೆ, ಕೆಲ ಕಾಲ ಮಿತಿಮೀರಿದ ಹುರುಪು ಬರುವ ಬೈಪೋಲಾರ್ ಕಾಯಿಲೆ ಎಷ್ಟೋ ಸಲ ಮೊದಲು ಖಿನ್ನತೆಯಾಗಿಯೇ ಕಾಣಿಸಿಕೊಳ್ಳುತ್ತದೆ. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಲ್ಲಿ ಉನ್ಮಾದ, ಅಂದರೆ ಆ ಮಿತಿಮೀರಿದ ಹುರುಪು, ಕೆರಳಬಹುದು. ವೈದ್ಯರು ಕೇಳಿದ್ದು ಅದಕ್ಕೇ.

ಅಮ್ಮನೊಬ್ಬರೇ ಇದ್ದಾಗ, ಅವರೆಕಾಯಿ ಸುಲಿಯುತ್ತಲೋ ಬಟ್ಟೆ ಮಡಚುತ್ತಲೋ ಕೇಳಿ. ನೆಂಟರ ಮುಂದೆ ಬೇಡ. ‘ಹುಚ್ಚು’, ‘ಡಿಪ್ರೆಶನ್’ ಎಂದರೆ ಬಾಯಿ ಮುಚ್ಚಿಹೋಗುತ್ತದೆ. ‘ಚಿಕ್ಕಮ್ಮ ದಿನಗಟ್ಟಲೆ ನಿದ್ದೆಯಿಲ್ಲದೆಯೂ ಚುರುಕಾಗಿ ಓಡಾಡುತ್ತಿದ್ದರಾ? ಸಿಕ್ಕಾಪಟ್ಟೆ ಮಾತಾಡಿ, ದುಡ್ಡು ಖರ್ಚು ಮಾಡುತ್ತಿದ್ದರಾ? ಹೆರಿಗೆಯಾದ ಮೇಲೆ ಶುರುವಾಯಿತಾ?’ ಎನ್ನಿ. ಮಾತ್ರೆಯ ಹೆಸರು ನೆನಪಿರುವುದಿಲ್ಲ, ಆದರೆ ‘ಆಗಾಗ ರಕ್ತ ತೆಗೆಸಬೇಕಿತ್ತು’ ಎಂದರೆ ಅದು ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ಇದ್ದಿರಬಹುದು. ವೈದ್ಯರಿಗೆ ಅದು ದೊಡ್ಡ ಸುಳಿವು.

ಸಂಬಂಧ, ಶುರುವಾದ ವಯಸ್ಸು, ಕಂಡ ಲಕ್ಷಣ, ಚಿಕಿತ್ಸೆ, ಸಾವಿನ ಕಾರಣ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆ ಇದ್ದರೆ ಅದನ್ನೂ ಸೇರಿಸಿ, ಅದೂ ಖಿನ್ನತೆಯಂತೆ ಕಾಣಿಸಬಹುದು.

ಹೆದರಬೇಡಿ. ತಂದೆ ಅಥವಾ ತಾಯಿಗೆ ಬೈಪೋಲಾರ್ ಇದ್ದರೂ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು 10ರಲ್ಲಿ 1. ಚಿಕ್ಕಮ್ಮನಿಂದ ಅದಕ್ಕಿಂತ ಕಡಿಮೆ. ಅಮ್ಮ ಅತ್ತರೆ ಅಲ್ಲಿಗೇ ನಿಲ್ಲಿಸಿ, ಇನ್ನೊಂದು ದಿನ ಮುಂದುವರಿಸಿ. ತಂಗಿಯನ್ನು ಉಳಿಸಿಕೊಳ್ಳಲಾಗಲಿಲ್ಲ ಎಂಬ ನೋವು ಆ ‘ಇಲ್ಲ’ದ ಹಿಂದೆ ಇರಬಹುದು. ನಿಮಗೇ ಸಾಯುವ ಯೋಚನೆ ಬಂದರೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.